ಬಾಣಂತಿ ಕೋಣೆಯಲ್ಲಿ ತೊಳೆದ ಸಂಗೀತ ಕಚೇರಿ

ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವುದನ್ನು ಕಲಿಯಬೇಕು ಎಂದು ಈಗ ಮತ್ತೆ ಕೆಲವು ಹುಡುಗಿಯರು ಕೊಪ್ಪದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಯಾವ ಔಷಧಿ, ಎಷ್ಟು ನೀರು, ಎಷ್ಟು ಸೆಕೆಂಡು ಎಂದು. ಔಷಧಿ, ನೀರು ಹೇಳಿಬಿಡುತ್ತೇನೆ. ಸೆಕೆಂಡು ಗೊತ್ತಿಲ್ಲ ಎಂದರೆ ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮೂವತ್ತು ವರ್ಷ ಈ ಕೆಲಸ ಮಾಡಿದವಳಿಗೆ ಸೆಕೆಂಡು ಗೊತ್ತಿಲ್ಲವೇ ಎಂದು ಅವರ ಕಣ್ಣು ಕೇಳುತ್ತದೆ. ನಿಜವಾಗಿಯೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ರಾಮನಾಮದ ಲೆಕ್ಕ ಇತ್ತು. ಈ ನೆಗೆಟಿವ್‌ಗೆ ಎಂಟು ನಾಮ, ಇದಕ್ಕೆ ಹನ್ನೆರಡು. ಅಷ್ಟು ನಾಮ ಹೇಳುವವರೆಗೆ ಕಾಗದಕ್ಕೆ ಬೆಳಕು ಬಿಡುವುದು, ಆಮೇಲೆ ದೀಪ ಆರಿಸುವುದು. ಕೆಲಸವೂ ಆಗುತ್ತಿತ್ತು, ಜಪವೂ ಆಗುತ್ತಿತ್ತು. ದೇವರು ಇಂಥ ಅನುಕೂಲವನ್ನು ಎಲ್ಲರಿಗೂ ಕೊಡುವುದಿಲ್ಲ.

ಕಲಿಯಬೇಕು ಎನ್ನುವವರಿಗಾಗಿ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನಾನು ಯಾವ ಶಾಲೆಯಲ್ಲೂ ಇದನ್ನು ಕಲಿತವಳಲ್ಲ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ, ಊಟಕ್ಕೂ ಕಾಫಿಗೂ ನಡುವೆ ಕಲಿತವಳು.

ಮುತ್ತಿನಕೊಪ್ಪದಿಂದ ಈ ಮನೆಗೆ ಮದುವೆಯಾಗಿ ಬಂದಾಗ ಮುಂದೆ ಸ್ಟುಡಿಯೋ, ಹಿಂದೆ ಮನೆ. ಸ್ಟುಡಿಯೋ ಕಟ್ಟಿದವರು ನಮ್ಮ ಮಾವ. ನಾನು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮುಂದಿನ ಅಂಗಡಿಯನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಿದ್ದರು. ಫೋಟೋ ತೊಳೆಯುವುದು ಮಾತ್ರ ಮಾವನ ಕಾಲದಿಂದಲೂ ಅತ್ತೆಯ ಕೆಲಸ. ಮನೆಯ ನಡುವೆ ಕಿಟಕಿಯಿಲ್ಲದ, ಗಾಳಿ ಆಡದ ಒಂದು ಬಾಣಂತಿ ಕೋಣೆ ಇತ್ತು. ಅತ್ತೆ ಮೂರು ಮಕ್ಕಳನ್ನು ಹೆತ್ತದ್ದು ಅಲ್ಲಿ. ಮೂರನೆಯ ಬಾಣಂತನ ಮುಗಿಸಿ ಅವರು ಹೊರಗೆ ಬಂದ ವಾರವೇ ಮಾವ ಫೋಟೋ ದೊಡ್ಡದು ಮಾಡುವ ಯಂತ್ರವನ್ನು ಒಳಗೆ ಇಟ್ಟರಂತೆ. "ಮನೇಲಿ ಇಷ್ಟು ಕತ್ತಲೆ ಇರುವ ಜಾಗ ಇನ್ನೆಲ್ಲಿದೆ?" ಎಂದರಂತೆ. ಅತ್ತೆ ಅದನ್ನು ಹೇಳುವಾಗಲೆಲ್ಲ, "ಅಲ್ಲಿಗೆ ನನ್ನ ಹೆರಿಗೆ ನಿಂತಿತು, ಇವರ ಹೆರಿಗೆ ಶುರುವಾಯಿತು" ಎನ್ನುತ್ತಿದ್ದರು.

ಅತ್ತೆ ನನ್ನ ಮೇಲಧಿಕಾರಿ. ಸರ್ಕಾರಿ ಕೆಲಸದವರು ತಮ್ಮ ಸಾಹೇಬರ ಬಗ್ಗೆ ಏನೇನೋ ಹೇಳುತ್ತಾರೆ. ಒಂದೇ ಅಡಿಗೆಮನೆಯಲ್ಲಿ ಉಣ್ಣುವ ಸಾಹೇಬರು ಅವರಿಗೆ ಸಿಕ್ಕಿಲ್ಲ. ಸ್ನಾನ, ಪೂಜೆ ಮುಗಿಯದೆ ಕತ್ತಲೆ ಕೋಣೆಗೆ ಕಾಲಿಡುವ ಹಾಗಿಲ್ಲ. ಫೋಟೋ ಮಾಸದಂತೆ ಹಿಡಿದಿಡುವ ಹೈಪೋ ಔಷಧಿ ಮುಟ್ಟಿದ ಕೈಯಲ್ಲಿ ಒಗ್ಗರಣೆ ಡಬ್ಬಿ ಮುಟ್ಟುವ ಹಾಗಿಲ್ಲ. ಮಡಿಯ ಹೆಸರಿನಲ್ಲಿ ಅವರು ಮಾಡಿದ ಈ ಎರಡನೆಯ ಕಟ್ಟಳೆ ನಮ್ಮ ಹೊಟ್ಟೆಯನ್ನು ಎಷ್ಟು ವರ್ಷ ಕಾಪಾಡಿತು ಎಂದು ಈಗ ಗೊತ್ತಾಗುತ್ತದೆ. ನೀವು ಮಡಿ ಮಾಡದಿದ್ದರೂ ಇದೊಂದನ್ನು ಮಾಡಿ.

ನೆಗೆಟಿವ್ ನೋಡದವರಿಗೆ ಒಂದು ಮಾತು. ಅದರಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ತಿಳಿಯಾಗಿ ಇರುತ್ತದೆ. ಮೇಲಿನಿಂದ ದೀಪ ಹಾಕಿದರೆ ತಿಳಿಯಿದ್ದಲ್ಲಿ ಬೆಳಕು ಹೆಚ್ಚು ಇಳಿದು, ಕೆಳಗಿಟ್ಟ ಕಾಗದ ಅಲ್ಲಿ ಕಪ್ಪಾಗುತ್ತದೆ. ಬೆಳಕು ಹೆಚ್ಚಾದರೆ ಎಲ್ಲವೂ ಕಪ್ಪು, ಕಡಿಮೆಯಾದರೆ ಎಲ್ಲವೂ ಬಿಳಿ. ಒಂದು ಮೂಲೆ ಮಾತ್ರ ಕಪ್ಪಾಗಿ ಮುಳುಗುತ್ತಿದೆ ಎಂದರೆ ಆ ಮೂಲೆಯ ಮೇಲೆ ಸ್ವಲ್ಪ ಹೊತ್ತು ಕೈಯ ನೆರಳು ಹಿಡಿಯಬೇಕು. ನೆರಳು ನಿಂತಲ್ಲಿ ನಿಲ್ಲಬಾರದು, ನಿಂತರೆ ಅದರ ಗೆರೆ ಬೀಳುತ್ತದೆ. ಇಡೀ ವಿದ್ಯೆ ಇಷ್ಟೇ. ಇಷ್ಟನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ರಾಮನಾಮದ ಅಳತೆಗೆ ಒಂದು ದೋಷವಿದೆ. ಹೇಳುವವರ ಮನಸ್ಸು ಹೇಗಿದೆಯೋ ನಾಮವೂ ಹಾಗೆ. ಮೊದಲ ವರ್ಷ ಒಂದು ಮದುವೆಯ ಫೋಟೋಗಳೆಲ್ಲ ಸುಣ್ಣ ಹೊಡೆದ ಹಾಗೆ ಬೆಳ್ಳಗೆ ಬಂದವು. ಮದುಮಗಳ ಮೂಗೇ ಇಲ್ಲ. ಅತ್ತೆ ಹೇಳಿದಷ್ಟೇ ನಾಮ ಹೇಳಿದ್ದೆ. ಹೊರಗೆ ತಂದು ಬೆಳಕಿನಲ್ಲಿ ನೋಡಿದ ಅತ್ತೆ ಕೇಳಿದರು:

"ಬೆಳಿಗ್ಗೆ ನಿನ್ನ ಗಂಡನ ಹತ್ರ ಜಗಳ ಆಡಿದ್ಯಾ?"

"ಇಲ್ಲ ಅತ್ತೆ."

"ಸುಳ್ಳು ಹೇಳಬೇಡ ಮಾರಾಯ್ತಿ, ಫೋಟೋ ಹೇಳ್ತಾ ಇದೆ. ಸಿಟ್ಟಿನ ನಾಮ ಓಡ್ತದೆ. ಹೋಗು, ಒಂದು ಲೋಟ ಮಜ್ಜಿಗೆ ಕುಡಿದು ಬಂದು ಇನ್ನೊಂದು ಸಲ ತೊಳಿ."

ಏಕಾದಶಿಯ ದಿನ ಇದರ ತಿರುಗುಮುರುಗು. ಉಪವಾಸದಲ್ಲಿ ಅತ್ತೆಯ ನಾಮ ನಿಧಾನವಾಗಿ, ಫೋಟೋದಲ್ಲಿದ್ದವರೆಲ್ಲ ಕಪ್ಪಗಾಗುತ್ತಿದ್ದರು. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಏಕಾದಶಿಗೆ ಸುಮ್ಮನೆ ಒಂದು ನಾಮ ಕಡಿಮೆ ಮಾಡಿ ದೀಪ ಆರಿಸಿಬಿಡುತ್ತಿದ್ದೆ.

ಇನ್ನೊಂದು ಪಾಠವನ್ನು ಸಂಗೀತ ಕಚೇರಿಯ ನೆಗೆಟಿವ್‌ಗಳು ಕಲಿಸಿದವು. ಪೇಟೆಯಲ್ಲಿ ರಾಮನವಮಿಗೆ ಚಪ್ಪರ ಹಾಕಿ ಕಚೇರಿ ಮಾಡಿಸುತ್ತಿದ್ದರು. ಮಾವ ಪ್ರತಿ ಸಂಜೆ ಎರಡೇ ಚಿತ್ರ ತೆಗೆಯುತ್ತಿದ್ದರು. ಒಂದು ಎದುರಿನಿಂದ, ಹಾಡುವವರಿಗೆ. ಇನ್ನೊಂದು ವೇದಿಕೆಯ ಹಿಂದಿನಿಂದ, ಕೇಳುವವರಿಗೆ. ಹಿಂದಿನಿಂದ ತೆಗೆದದ್ದರಲ್ಲಿ ಹಾಡುವವರ ಬೆನ್ನು, ತಂಬೂರಿಯ ತುದಿ, ಆಚೆಗೆ ಊರಿನ ಜನರ ಮುಖ. ತಮ್ಮ ಮುಖ ಇದೆಯೆಂದು ಊರವರು ಅದನ್ನು ಕೊಳ್ಳುತ್ತಿದ್ದರು. ಆಗ ಗ್ಯಾಸ್‌ಲೈಟಿನ ಬೆಳಕು. ಮಾವ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದರ ಕಣ್ಣು ತೆರೆದು, ಒಂದು ರಾಮನಾಮ ಹೇಳಿ ಮುಚ್ಚುತ್ತಿದ್ದರಂತೆ. ಅಷ್ಟರಲ್ಲಿ ಅಲ್ಲಾಡಿದ್ದೆಲ್ಲ ಚಿತ್ರದಲ್ಲಿ ಹೊಗೆಯಾಗುತ್ತಿತ್ತು.

ಮಾವ ಹೋದ ಮೇಲೂ ಯಾರೋ ಕೇಳಿಕೊಂಡು ಬಂದ ಅಂಥ ಒಂದನ್ನು ತೊಳೆದು, ಮುಂದಿನ ಸಾಲಿನವರ ಕೈಗಳೆಲ್ಲ ಹೊಗೆಯಾಗಿರುವುದನ್ನು ಕಂಡು, ಕೆಟ್ಟುಹೋಗಿದೆ ಎಂದು ನಾನು ಪಕ್ಕಕ್ಕೆ ಹಾಕಿದ್ದೆ. ಅತ್ತೆ ಅದನ್ನು ಎತ್ತಿಕೊಂಡು ಬಂದರು.

"ಇದನ್ನ ಯಾಕೆ ಬಿಸಾಕಿದೆ?"

"ಎಲ್ಲರ ಕೈ ಅಲ್ಲಾಡಿದೆ ಅತ್ತೆ."

"ತಾಳ ಹಾಕುವಾಗ ಕೈ ಅಲ್ಲಾಡದೆ ಎಂತ ಮಾಡ್ತದೆ? ನಿನ್ನ ಮಾವ ಕಚೇರಿಯ ನೆಗೆಟಿವ್ ನೋಡೂದೇ ಹಂಗೆ. ಕೈ ಹೊಗೆ ಆಗಿದ್ರೆ ಅವತ್ತು ಸಂಗೀತ ಚೆನ್ನಾಗಿತ್ತು ಅಂತ. ಎಲ್ಲರ ಕೈಯೂ ಸ್ಪಷ್ಟ ಬಂದಿದ್ರೆ ಪಾಪ, ಹಾಡಿದವನಿಗೆ ಗಂಟಲು ಕೆಟ್ಟಿತ್ತು ಅಂತ."

ನೀವೂ ನೆನಪಿಡಿ. ಹೊಗೆಯೆಲ್ಲ ತಪ್ಪಲ್ಲ.

ಆಮೇಲೆ ಕಾಲ ಬದಲಾಯಿತು. ಬಣ್ಣದ ರೋಲುಗಳು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಫೋಟೋಗಳಾಗಿ ಬರತೊಡಗಿದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಮನೆಯವರು ಮುಂದಿನ ಅಂಗಡಿಗೆ ಕಂಪ್ಯೂಟರು ತಂದರು. ಕಾಗದದ ಮೇಲಿನ ಮುಖ ತೊಳೆಯದೆಯೇ, ಒಣಗಿಸದೆಯೇ ಬರತೊಡಗಿತು. ಅದು ಬರುವುದನ್ನು ನೋಡಿ ಅತ್ತೆ, "ಒಲೆ ಹಚ್ಚದೆ ಅನ್ನ ಆದ ಹಂಗೆ" ಎಂದರು. ನನಗೆ ದುಃಖವೇನೂ ಆಗಲಿಲ್ಲ. ಬೆನ್ನುನೋವು ಕಡಿಮೆಯಾಯಿತು. ಕತ್ತಲೆ ಕೋಣೆಯಲ್ಲಿ ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಭರಣಿ ಇಟ್ಟೆವು. ಯಂತ್ರಕ್ಕೆ ಹಳೆಯ ಪಂಚೆ ಹೊದಿಸಿದೆವು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಅದಕ್ಕೆ ಹೂವು.

ಅಂಥ ಹೊತ್ತಿನಲ್ಲಿ ಲಲಿತಮ್ಮ ಬಂದರು.

ಒಂದು ಮಧ್ಯಾಹ್ನ ಶೃಂಗೇರಿ ಕಡೆಯ ಬಸ್ಸಿಳಿದು, ಕೈಯಲ್ಲಿ ಒಂದು ಚೀಲ ಹಿಡಿದು, ಅಂಗಡಿಯ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಿದರು. ಅರವತ್ತು ದಾಟಿದವರು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಿಂದ ವಸ್ತುವನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದರು. ಒಳಗೆ ಕರೆದು ಕೂರಿಸಿದೆ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಯಾರು ಬಂದಿದ್ದು ಪದ್ಮಾ?"

"ಕಿಗ್ಗದವರಂತೆ ಅತ್ತೆ. ಮಾವ ತೆಗೆದ ಹಳೇ ಕಚೇರಿ ಫೋಟೋ ಬೇಕಂತೆ."

"ಕಿಗ್ಗದಿಂದ ಬಂದು ಹಾಡಿದ್ದು ಒಂದೇ ಒಂದು ಕೂಸು. ನೀನೇಯೇನೇ ಅದು? ಹಸಿರು ಸೀರೆ ಉಟ್ಟು, ಉದ್ದ ಜಡೆ?"

ಅರವತ್ತು ದಾಟಿದ ಕೂಸಿಗೆ ನಗು ಬಂತು. "ನಾನೇ. ಜಡೆ ಈಗ ಇಲ್ಲ."

ಎದುರಿನಿಂದ ತೆಗೆದ ಚಿತ್ರ ಅವರ ಮನೆಯಲ್ಲೇ ಇತ್ತು. ಅವರಿಗೆ ಬೇಕಾದದ್ದು ಹಿಂದಿನಿಂದ ತೆಗೆದದ್ದು, ಜನರದ್ದು. ಕಾಫಿ ಕುಡಿಯುತ್ತ ಯಾಕೆಂದು ಹೇಳಿದರು.

ಅವರಿಗೆ ಹಾಡು ಕಲಿಸಿದವರು ಅವರ ಅಪ್ಪಯ್ಯನೇ. ಆದರೆ ಮನೆಯ ಹೆಣ್ಣುಮಗಳು ಚಪ್ಪರದಲ್ಲಿ ಕೂತು ಹಾಡುವುದು ಅಪ್ಪಯ್ಯನಿಗೆ ಒಪ್ಪಿಗೆಯಿಲ್ಲ. ಕೊಪ್ಪದಲ್ಲಿದ್ದ ಸೋದರಮಾವ ಹಟ ಹಿಡಿದು ಕರೆದುಕೊಂಡು ಬಂದು ಹಾಡಿಸಿದರು. "ನೀನು ಹಾಡು, ನಾನು ಕೇಳೂದಿಲ್ಲ" ಎಂದು ಅಪ್ಪಯ್ಯ ಹೊರಡುವಾಗ ಹೇಳಿದ್ದರು. ಮನೆಗೆ ಮರಳಿದ ಮೇಲೆ ಹೇಗಾಯಿತು ಎಂದೂ ಕೇಳಲಿಲ್ಲ. ಆ ವರ್ಷವೇ ತೀರಿಕೊಂಡರು.

"ಅವರ ಮನಸ್ಸು ನೋಯಿಸಿದೆ ಅಂತ ಅವತ್ತಿಂದ ಬಾಯಿ ಬಿಡಲಿಲ್ಲ," ಎಂದರು ಲಲಿತಮ್ಮ. "ದೇವರ ಮುಂದೆಯೂ ಇಲ್ಲ. ಮನೇಲಿ ಆರತಿ ಹಾಡು ತಮ್ಮನ ಹೆಂಡತಿ ಹೇಳ್ತಾಳೆ, ನಾನು ಗಂಟೆ ಬಾರಿಸ್ತೇನೆ. ಮೊನ್ನೆ ಒಂದು ಮದುವೆ ಮನೇಲಿ ಒಬ್ಬ ಹಳಬರು ಸಿಕ್ಕಿ, 'ನಿಮ್ಮಪ್ಪಯ್ಯ ಅವತ್ತು ಚಪ್ಪರದ ಕೊನೇಲಿ ನಿಂತಿದ್ರಲ್ಲೇ' ಅಂದ್ರು. ಅವರಿಗೆ ನಿನ್ನೆ ಉಂಡದ್ದು ಇವತ್ತು ನೆನಪಿರೂದಿಲ್ಲ. ನಂಬೂದು ಹೆಂಗೆ? ಬಂದಿದ್ರೋ ಇಲ್ಲವೋ, ಅಷ್ಟು ಗೊತ್ತಾದ್ರೆ ಸಾಕು. ಈ ಕಣ್ಣೂ ಹೆಚ್ಚು ದಿನ ಇರೂದಿಲ್ಲ ಅಂದಿದ್ದಾರೆ ಡಾಕ್ಟ್ರು."

ಅತ್ತೆ ನನ್ನ ಕಡೆ ತಿರುಗಿದರು. "ಅಟ್ಟದಲ್ಲಿ ನೋಡು," ಎಂದರು. "ಹಸಿರು ರವಿಕೆ ಕಣದಲ್ಲಿ ಕಟ್ಟಿಟ್ಟಿದ್ದೇನೆ."

ಮಾವ ಹೋದ ಮೇಲೆ ಅತ್ತೆ ನೆಗೆಟಿವ್‌ಗಳನ್ನೆಲ್ಲ ಬಿಸ್ಕತ್ ಡಬ್ಬಿಗೆ ತುಂಬಿ ಅಡಿಗೆಮನೆಯ ಅಟ್ಟದ ಮೇಲೆ ಇಟ್ಟಿದ್ದರು. ನಮ್ಮ ಕಡೆಯ ತೇವಕ್ಕೆ ಪೇಟೆಯ ಎಷ್ಟೋ ಜನರ ಹಳೇ ನೆಗೆಟಿವ್‌ಗಳು ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ ಹೋಗಿವೆ. ನಮ್ಮವನ್ನು ಒಲೆಯ ಬಿಸಿ ಕಾಪಾಡಿತ್ತು. ಹೊಗೆಯ ವಾಸನೆ ಬಿಟ್ಟರೆ ಏನೂ ಆಗಿರಲಿಲ್ಲ. ಪ್ರತಿ ರಾಮನವಮಿಯದ್ದನ್ನು ಅತ್ತೆ ಆ ವರ್ಷ ಯಾರೋ ಕುಂಕುಮದ ಜೊತೆ ಕೊಟ್ಟ ರವಿಕೆ ಕಣದಲ್ಲಿ ಕಟ್ಟಿದ್ದರು. ಹಸಿರು ಗಂಟು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಜಡೆ, ತಂಬೂರಿ, ಆಚೆ ಜನ. ಹಿಂದಿನ ಸಾಲುಗಳ ಹತ್ತಿರ ನೆಗೆಟಿವ್ ನೀರಿನಷ್ಟು ತೆಳು. ಗ್ಯಾಸ್‌ಲೈಟಿನ ಬೆಳಕು ಅಲ್ಲಿಗೆ ತಲುಪಿರಲಿಲ್ಲ.

"ಇದನ್ನು ನನಗೆ ಬಿಡಿ ಲಲಿತಕ್ಕ, ನೋಡ್ತೇನೆ," ಎಂದು ಕಳಿಸಿದೆ.

ಉಪ್ಪಿನಕಾಯಿ ಭರಣಿಗಳನ್ನು ಹೊರಗಿಟ್ಟು, ಯಂತ್ರದ ಪಂಚೆ ತೆಗೆದು, ಉಳಿದಿದ್ದ ಹಳೇ ಕಾಗದದ ಮೇಲೆ ಒಂದು ತೊಳೆದೆ. ಮುಂದಿನ ಸಾಲು ಚೆನ್ನಾಗಿ ಬಂತು. ಕೊನೆಯ ಮೂಲೆ ಕಾಡಿಗೆ ಬಳಿದ ಹಾಗೆ ಕಪ್ಪು. ನೆರಳು ಹಿಡಿದು ಇನ್ನೊಂದು ತೊಳೆದೆ. ಕಪ್ಪು ಹೋಗಿ ಬೂದಿಬಣ್ಣದ ಗಂಜಿಯಾಯಿತು, ಅದರಲ್ಲಿ ಯಾರೂ ಇಲ್ಲ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ, ಮರುಕದಿಂದಲೇ ಹೇಳಿದರು: "ಇಷ್ಟೆಲ್ಲ ಒದ್ದಾಟ ಎಂತಕ್ಕೆ ಪದ್ಮಾ? ಅವರ ಮನೇಲಿ ಅಪ್ಪಯ್ಯಂದು ಒಂದಾದರೂ ಫೋಟೋ ಇರ್ತದೆ. ತರಲಿಕ್ಕೆ ಹೇಳು. ಕಂಪ್ಯೂಟರಿಗೆ ಹಾಕಿ ಹಿಂದಿನ ಸಾಲಲ್ಲಿ ನಿಲ್ಲಿಸಿ ಕೊಡುವ. ಅವರ ಕಣ್ಣಿಗೆ ಗೊತ್ತಾಗೂದೂ ಇಲ್ಲ. ಒಂದು ಜೀವಕ್ಕೆ ಸಮಾಧಾನ ಆಗ್ತದೆ."

ಆ ಮಾತು ನನ್ನನ್ನು ಒಂದು ಗಳಿಗೆ ಹಿಡಿಯಿತು. ಸಮಾಧಾನ ಕೊಡುವುದೂ ಪುಣ್ಯವೇ ಅಲ್ಲವೇ? ಜಗಲಿಯಿಂದ ಅತ್ತೆ ಕೇಳಿಸಿಕೊಂಡಿದ್ದರು.

"ನೋಡು ಮಗಾ," ಎಂದರು, "ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿದವರಿಗೆಲ್ಲ ನಾನು ನೆಗೆಟಿವ್ ಮೇಲೆ ಪೆನ್ಸಿಲಿಂದ ಕಣ್ಣು ಬಿಡಿಸಿದ್ದೇನೆ. ಅವರಿಗೆ ಕಣ್ಣಿತ್ತು, ಬಿಡಿಸಿದೆ. ಬಾರದ ಮನುಷ್ಯನನ್ನ ಬಂದ ಅಂತ ನಿಲ್ಲಿಸಲಿಲ್ಲ. ಆ ಕೂಸು ಸಮಾಧಾನ ಕೇಳಲಿಕ್ಕೆ ಬಂದದ್ದಲ್ಲ. ಬಂದಿದ್ರಾ ಅಂತ ಕೇಳಲಿಕ್ಕೆ ಬಂದದ್ದು."

ಮಾರನೇ ದಿನ ನಮ್ಮ ಮನೆಯವರು ಎನ್.ಆರ್. ಪುರಕ್ಕೆ ಹೋಗಿ ಒಂದು ಪೊಟ್ಟಣ ತಂದರು. ಅಲ್ಲಿ ಅವರ ಗೆಳೆಯರೊಬ್ಬರು ಸ್ಟುಡಿಯೋ ಮುಚ್ಚಿದ್ದರು. ಅವರ ಕಪಾಟಿನಲ್ಲಿ ಗಟ್ಟಿ ಜಾತಿಯ ಕಾಗದ ಉಳಿದಿತ್ತು. ತೆಳು ನೆಗೆಟಿವ್‌ನಲ್ಲಿ ಇದ್ದೂ ಇಲ್ಲದಂತಿರುವ ವ್ಯತ್ಯಾಸವನ್ನು ಎಳೆದು ತೋರಿಸುವ ಕಾಗದ ಅದು. ಅಂಗಡಿಗಳಲ್ಲಿ ಆಗಲೇ ಸಿಗುತ್ತಿರಲಿಲ್ಲ. ಸಣ್ಣ ಹಾಳೆಗಳು ಕೆಲವು, ದೊಡ್ಡದು ಒಂದೇ ಒಂದು. "ನಿನ್ನ ದೇವರು ಇಷ್ಟು ಉಳಿಸಿದ್ದಾನೆ," ಎಂದು ನನ್ನ ಕೈಗೆ ಕೊಟ್ಟರು. ಅವರು ದೇವರ ಹೆಸರು ಎತ್ತುವುದೇ ಅಪರೂಪ.

ಇಲ್ಲಿ ನಮ್ಮ ಮನೆಯ ಇನ್ನೊಂದು ಪದ್ಧತಿ ಹೇಳಬೇಕು. ನೆರಳು ಹಿಡಿಯುವವಳು ನಾಮ ಎಣಿಸಬಾರದು. ಎಣಿಸಿದರೆ ಕೈ ನಾಮದ ಲಯಕ್ಕೆ ಬಿದ್ದು, ಪ್ರತಿ ನಾಮಕ್ಕೂ ಒಂದೇ ಜಾಗಕ್ಕೆ ಮರಳುತ್ತದೆ, ಅಲ್ಲಿ ಗೆರೆ ಬೀಳುತ್ತದೆ. ಒಬ್ಬರು ಎಣಿಸಬೇಕು, ಇನ್ನೊಬ್ಬರು ಕೈ ಆಡಿಸಬೇಕು. ಅತ್ತೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಕಾಗದವನ್ನು ಹರಿದು ಚೂರು ಮಾಡಿ, ಕೊನೆಯ ಮೂಲೆಯದ್ದನ್ನಷ್ಟೇ ತೊಳೆದು ತೊಳೆದು ನೋಡಿದೆವು. ನಾಲ್ಕು ನಾಮಕ್ಕೆ ಕಪ್ಪು. ಮೂರಕ್ಕೆ ಏನೋ ಗೆರೆ. ಎರಡಕ್ಕೆ, ಕೆಂಪು ದೀಪದಡಿ ಔಷಧಿಯ ತಟ್ಟೆಯಲ್ಲಿ, ಮೊದಲು ಚಪ್ಪರದ ಕೊನೆಯ ಕಂಬ ಎದ್ದಿತು. ಆಮೇಲೆ ಕಂಬದ ಹಿಂದೆ ಅರ್ಧ ಮರೆಯಾಗಿ ನಿಂತ ಒಬ್ಬ ಗಂಡಸು. ಮುಖವನ್ನು ಕಂಬ ಕಡಿದಿತ್ತು. ಉಳಿದ ಅರ್ಧದಲ್ಲಿ ಕಿವಿ, ಕೆನ್ನೆ, ಅಷ್ಟೇ. ಯಾರೂ ಆಗಬಹುದು. ಅವನ ಅಕ್ಕಪಕ್ಕ ಬೇರೆಯವರೂ ಇದ್ದರು, ಕೈ ಕಟ್ಟಿಕೊಂಡವರು, ಮಗು ಎತ್ತಿಕೊಂಡವರು. ಅವರೆಲ್ಲರ ಕೈ ಇದ್ದಲ್ಲಿ ಇತ್ತು. ಕಂಬದ ಮೇಲಿದ್ದ ಈ ಒಬ್ಬನ ಕೈ ಮಾತ್ರ ಹೊಗೆ.

ಅತ್ತೆ ಬಗ್ಗಿ ನೋಡಿದರು. ಚೂರನ್ನು ಬಿಟ್ಟು ಇಡೀ ಚಿತ್ರವನ್ನು ಒಂದು ಸಣ್ಣ ಹಾಳೆಯ ಮೇಲೆ ತೊಳೆದು ಒಣಗಿಸಿದೆ. ಲಲಿತಮ್ಮನಿಗೆ ಬರಹೇಳಿದೆ.

ಅವರು ಬಂದ ದಿನ ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ನೋಡಿ, ಅಲ್ಲಿ ನೋಡಿ ಎಂದು ಬೆರಳು ತೋರಿಸಿದರೆ ಅವರು ನನ್ನ ಬೆರಳನ್ನು ನಂಬಿಬಿಡುತ್ತಾರೆ. ಫೋಟೋ ಮತ್ತು ಭೂತಗನ್ನಡಿ ಎರಡನ್ನೂ ಕೈಗಿಟ್ಟು ಅಂಗಳದ ಬೆಳಕಿನಲ್ಲಿ ಕೂರಿಸಿದೆ. ಅವರು ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಮ್ಮ ಜಡೆಯಿಂದ ಶುರುಮಾಡಿ, ಒಂದೊಂದೇ ಮುಖ ದಾಟಿಕೊಂಡು ಹೋದರು. "ಇದು ಸೋದರಮಾವ... ಇದು ಅತ್ತಿಗೆಯ ಅಣ್ಣ, ಆಗಲೇ ಬೊಕ್ಕತಲೆ..." ಎನ್ನುತ್ತ ಕೊನೆಯ ಮೂಲೆಗೆ ಬಂದರು.

ಬಹಳ ಹೊತ್ತು ಭೂತಗನ್ನಡಿ ಅಲ್ಲಿಂದ ಕದಲಲಿಲ್ಲ.

"ಈ ಕೈ ಯಾಕೆ ಹಿಂಗಿದೆ?" ಎಂದು ಕೇಳಿದರು.

"ಅಲ್ಲಾಡ್ತಾ ಇತ್ತು, ಅದಕ್ಕೆ," ಎಂದೆ.

"ಕಂಬದ ಮೇಲೆ?"

"ಹೌದು."

ಅವರು ಫೋಟೋವನ್ನು ಮಡಿಲಿಗಿಟ್ಟು, ಪಕ್ಕದಲ್ಲಿದ್ದ ನಮ್ಮ ಜಗಲಿಯ ಕಂಬಕ್ಕೆ ಬೆರಳ ಗಿಣ್ಣಿನಿಂದ ಮೆಲ್ಲಗೆ ಕುಟ್ಟಿದರು. ಒಂದು ಪೆಟ್ಟು, ಆಮೇಲೆ ಬೆರಳುಗಳು ಒಂದೊಂದಾಗಿ.

ಅತ್ತೆ ಎಚ್ಚರಿಕೆಯಿಂದ ಹೇಳಿದರು: "ಮುಖ ಕಾಣೂದಿಲ್ಲ ಕೂಸೆ. ಯಾರೋ ಆಗಿರಬಹುದು. ನಾವು ಹೌದು ಅನ್ನೂದಿಲ್ಲ, ಅಲ್ಲ ಅನ್ನೂದೂ ಇಲ್ಲ."

"ನೀವು ಹೇಳೂದು ಬೇಡ," ಎಂದರು ಲಲಿತಮ್ಮ. ಅವರ ದನಿ ಅದುವರೆಗೆ ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. "ಲೋಕದಲ್ಲಿ ಎಲ್ಲರೂ ತೊಡೆ ಮೇಲೆ ತಾಳ ಹಾಕ್ತಾರೆ. ಮುಂದೆ ಕೂತವರನ್ನ ನೋಡಿ, ಎಲ್ಲರ ಕೈಯೂ ತೊಡೆ ಮೇಲೆ. ನಮ್ಮ ಅಪ್ಪಯ್ಯ ಕೂತು ಪಾಠ ಹೇಳಿದವರೇ ಅಲ್ಲ. ಜಗಲಿ ಕಂಬಕ್ಕೆ ಒರಗಿ ನಿಂತು, ಕಂಬಕ್ಕೆ ಗಿಣ್ಣು ಕುಟ್ಟಿ ತಾಳ. ಆ ಕಂಬದ ಆ ಜಾಗ ನುಣ್ಣಗೆ ಗುಳಿ ಬಿದ್ದಿದೆ, ಈಗಲೂ ಇದೆ. ನಾನು ದಿನಾ ಒರೆಸ್ತೇನೆ."

ಮತ್ತೆ ಫೋಟೋ ಎತ್ತಿಕೊಂಡು ಕೇಳಿದರು: "ಎಷ್ಟು ಹೊತ್ತು ಇದು? ಈ ಹೊಗೆ ಆದದ್ದು?"

"ಒಂದು ರಾಮನಾಮದಷ್ಟು," ಎಂದರು ಅತ್ತೆ. "ಇವಳ ಮಾವ ಒಂದು ನಾಮ ಹೇಳಿ ಕ್ಯಾಮೆರಾ ಮುಚ್ಚೂದು."

"ಹಂಗಾದ್ರೆ ಒಂದು ನಾಮದಷ್ಟು ಹೊತ್ತು ಅಪ್ಪಯ್ಯ ನನ್ನ ಹಾಡಿಗೆ ತಾಳ ಹಾಕಿದ್ದು ಖಂಡಿತ," ಎಂದು ಅವರು ಸೆರಗಿನಿಂದ ಒಂದೇ ಕಣ್ಣು ಒರೆಸಿಕೊಂಡರು. ಇನ್ನೊಂದರಲ್ಲಿ ನೀರು ಬರುವುದೂ ನಿಂತಿತ್ತೋ ಏನೋ.

ನನಗೆ ಈಗಲೂ ಆ ಮನುಷ್ಯ ಅವರ ಅಪ್ಪಯ್ಯನೇ ಎಂದು ಬರೆದುಕೊಡಲು ಸಾಧ್ಯವಿಲ್ಲ. ನೆಗೆಟಿವ್‌ನಲ್ಲಿ ಇದ್ದದ್ದನ್ನು ಕಾಗದದ ಮೇಲೆ ತಂದೆ, ಅದಕ್ಕೆ ಒಂದು ಗೆರೆ ಸೇರಿಸಲಿಲ್ಲ. ಗುರುತು ಹಿಡಿಯುವುದು ಮಗಳ ಕೆಲಸ.

ಅವರಿಗೆ ದೊಡ್ಡದು ಬೇಕಾಯಿತು. ಕಣ್ಣಿರುವಷ್ಟು ದಿನ ಭೂತಗನ್ನಡಿಯಿಲ್ಲದೆ ನೋಡಬೇಕು ಎಂದರು. ದೊಡ್ಡ ಹಾಳೆ ಒಂದೇ ಇತ್ತು. ತಪ್ಪಿದರೆ ಇನ್ನೊಂದಿಲ್ಲ. ನಾನು ಹೆದರಲಿಲ್ಲ. ಅಷ್ಟು ವರ್ಷದಲ್ಲಿ ನನ್ನ ಕೈ ನನಗೆ ಗೊತ್ತಿತ್ತು. ಎಲ್ಲ ಸಿದ್ಧ ಮಾಡಿ, "ಅತ್ತೆ, ಎಣಿಸಲಿಕ್ಕೆ ಬನ್ನಿ" ಎಂದು ಕರೆದೆ.

"ನನಗೆ ಇವತ್ತು ದಮ್ಮು," ಎಂದರು ಅತ್ತೆ ಕೂತಲ್ಲಿಂದಲೇ. "ಆ ಕೂಸಿನ ಕೈಲಿ ಎಣಿಸು."

ಅತ್ತೆಗೆ ದಮ್ಮು ಎಂದು ನಾನು ಕೇಳಿದ್ದು ಅದೇ ಮೊದಲು. ಮಾರನೆಯ ದಿನ ಕೇಳಿದರೆ ವಾಸಿಯಾಗಿತ್ತು.

ಲಲಿತಮ್ಮ ನನ್ನ ಕೈ ಹಿಡಿದುಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಬಾಗಿಲು ಮುಚ್ಚಿದೆ. ದೀಪ ಹಾಕುವ ಮೊದಲು ಸುಮ್ಮನೆ ಒಮ್ಮೆ ಎಣಿಸಿ ನೋಡಿ ಎಂದೆ. ಅವರು ರಾಮ ರಾಮ ಎಂದರು. ಒಂದು ನಾಮ ಉದ್ದ, ಒಂದು ಗಿಡ್ಡ.

"ಇದು ನನಗೆ ಒಂದೇ ಅಳತೇಲಿ ಬರೂದಿಲ್ಲ ಪದ್ಮಾ. ಬೇರೆ ಎಂತಾದ್ರೂ ಎಣಿಸಬಹುದಾ?"

"ಎಂತ ಬೇಕಾದ್ರೂ ಎಣಿಸಿ. ಅಳತೆ ತಪ್ಪದಿದ್ರೆ ಆತು."

ಕತ್ತಲಲ್ಲಿ ಸ್ಟೂಲಿನ ಕಾಲಿಗೆ ಬೆರಳ ಗಿಣ್ಣು ತಾಗುವ ಸದ್ದು ಬಂತು. ಅದರ ಮೇಲೆ ಹಾಡು. ಮೊದಲು ದನಿ ಒಡೆದಿತ್ತು, ಬಾವಿಯ ಹಗ್ಗ ಹಳೇ ರಾಟೆಯ ಮೇಲೆ ಹರಿದ ಹಾಗೆ. ತಾಳದ ಎರಡನೆಯ ಸುತ್ತಿನಲ್ಲಿ ಅದು ಹಾದಿ ಹಿಡಿಯಿತು. ಸುತ್ತು ಎಷ್ಟು ಹೊತ್ತು ಎಂದು ನಾನು ಮನಸ್ಸಿನಲ್ಲೇ ನಾಮಕ್ಕೆ ಹೊಂದಿಸಿಕೊಂಡೆ. ಅಳತೆ ಬಂಗಾರದ ಹಾಗಿತ್ತು.

"ಈಗ ದೀಪ ಹಾಕ್ತೇನೆ ಲಲಿತಕ್ಕ. ನಿಲ್ಲಿಸಬೇಡಿ."

ದೀಪ ಹಾಕಿದೆ. ಕಾಗದದ ಮೇಲೆ ಜಡೆ, ತಂಬೂರಿ, ಜನ. ಕೊನೆಯ ಮೂಲೆಯ ಮೇಲೆ ನನ್ನ ಕೈ. ಬಾಗಿಲಾಚೆಯಿಂದ ಅತ್ತೆಯ ಕೂಗು ಬಂತು, ದಮ್ಮಿನವರ ಕೂಗಿನ ಹಾಗಿರಲಿಲ್ಲ ಅದು:

"ಏ ಕೂಸೆ, ತಾಳ ಓಡಿಸಬೇಡ! ಫೋಟೋ ಬೆಳ್ಳಗಾಗ್ತದೆ!"

ಹಾಡಿನ ನಡುವೆ ಲಲಿತಮ್ಮನ ನಗು ಬಂತು. ಹಾಡು ನಿಲ್ಲಲಿಲ್ಲ, ಓಡಲೂ ಇಲ್ಲ. ಕರೆಂಟು ಹೋಗಲಿಲ್ಲ. ನಮ್ಮ ಊರಿನಲ್ಲಿ ಮಧ್ಯಾಹ್ನದ ಹೊತ್ತು ಅಷ್ಟು ಹೊತ್ತು ಕರೆಂಟು ಉಳಿದದ್ದನ್ನೂ ನಾನು ದೇವರ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ದೊಡ್ಡ ಹಾಳೆಗೆ ತಟ್ಟೆ ಸಾಲದು. ಒಂದು ತುದಿ ನಾನು, ಇನ್ನೊಂದು ತುದಿ ಅವರು ಹಿಡಿದುಕೊಂಡು, ಸೀರೆಯನ್ನು ನೀಲಿಯಲ್ಲಿ ಅದ್ದಿದ ಹಾಗೆ ಔಷಧಿಯಲ್ಲಿ ಹಿಂದೆ ಮುಂದೆ ಎಳೆದೆವು. ಕೆಂಪು ಬೆಳಕಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ.

"ಬಂತಾ?" ಎಂದರು.

"ನಿಮ್ಮ ಜಡೆ ಬಂತು."

"ಆಮೇಲೆ?"

"ಮುಂದಿನ ಸಾಲು ಬಂತು. ಕಂಬ ಬಂತು."

"ಕೈ?"

"ಬರ್ತಾ ಇದೆ," ಎಂದೆ.

ಆ ಫೋಟೋ ಒಂದು ಕೂದಲಿನಷ್ಟು ಕಪ್ಪಾಗಿಯೇ ಬಂತು. ಕೊನೆಯ ಸುತ್ತನ್ನು ಲಲಿತಮ್ಮ ಬಿಡಲಾರದೆ ಸ್ವಲ್ಪ ಎಳೆದು ಹಾಡಿದ್ದರು. ನಾನೂ ದೀಪ ಆರಿಸಲು ಅವಸರ ಮಾಡಿರಲಿಲ್ಲ.